ಒಂದನೇ ಪಂಕ್ತಿಯ ಗಡ್ಡದಯ್ಯ

ಕಳೆದ ತಿಂಗಳು ತೀರ್ಥಹಳ್ಳಿಯಲ್ಲಿ ಮಿಕ್ಸಿ ರಿಪೇರಿಗೆಂದು ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯವರು ನನ್ನ ಮಿಕ್ಸಿಯನ್ನು ಬದಿಗಿಟ್ಟು, ಯಾರದೋ ಹಳೆಯ ಡಬ್ಬಾ ಟಿವಿಯ ಬೆನ್ನು ಬಿಚ್ಚಿ, ಹಾಗೆಯೇ ಚಾಲೂ ಮಾಡಿ ನೋಡುತ್ತಿದ್ದರು. ಐದು ನಿಮಿಷ ಕಳೆಯುವಷ್ಟರಲ್ಲಿ ಒಳಗಿನ ಧೂಳು ಬಿಸಿಯಾಗಿ ಒಂದು ವಾಸನೆ ಎದ್ದಿತು. ಅದು ಸುಟ್ಟ ವಾಸನೆಯಲ್ಲ. ಉಣ್ಣೆಯ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಒಂದು ಕ್ಷಣ ಹೆಚ್ಚು ಇಟ್ಟರೆ ಬರುವಂಥದ್ದು. ನಿಮ್ಮ ಮನೆಯಲ್ಲೂ ಅಂಥ ಟಿವಿ ಇದ್ದಿದ್ದರೆ, ಅದರ ಮುಂದೆ ನೀವೂ ಒಂದು ರಜೆಯನ್ನು ಕಳೆದಿದ್ದರೆ, ನಾನು ಹೇಳುವುದು ನಿಮಗೆ ಅರ್ಥವಾಗುತ್ತದೆ. "ಮಿಕ್ಸಿ ನಾಳೆ ಕೊಡ್ತೀನಿ ಮೇಡಂ" ಎಂದು ಅವರು ಎರಡು ಸಲ ಹೇಳಿದರಂತೆ. ನಾನು ಹೊಸನಗರದಲ್ಲಿದ್ದೆ, ದೊಡ್ಡಮ್ಮನ ಮನೆಯ ಚಾಪೆಯ ಮೇಲೆ, ಕಾಲು ಮಡಚಿಕೊಂಡು, ಸೋಲುವುದಿಲ್ಲವೆಂದು ಹಟ ಹಿಡಿದು.

ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಗೋಡೆಗೆ ಅಂಟಿಕೊಂಡ ಮೂರು ಬಾಡಿಗೆ ಮನೆಗಳಿದ್ದವು. ನಡುವಿನದು ದೊಡ್ಡಮ್ಮನದು. ನಮ್ಮ ಊರಿನ ಶಾಲೆ ನಾಲ್ಕನೇ ಕ್ಲಾಸಿಗೇ ಮುಗಿಯುತ್ತಿದ್ದುದರಿಂದ ಅಮ್ಮ ನನ್ನನ್ನು ತನ್ನ ಅಕ್ಕನ ಮನೆಯಲ್ಲಿ ಓದಲು ಬಿಟ್ಟಿದ್ದಳು. ಮುಂದಿನ ಕೋಣೆಯಲ್ಲಿ ದೊಡ್ಡಮ್ಮನ ಹೊಲಿಗೆ ಯಂತ್ರ, ಅದರ ಪಕ್ಕ ಟಿವಿ, ಟಿವಿಯ ಮೇಲೆ ಯಾರ ಯಾರದೋ ರವಿಕೆ ಬಟ್ಟೆಯ ಗಂಟುಗಳು. ದಿನವಿಡೀ ಬಸ್ಸುಗಳ ಹಾರ್ನ್, ಯಂತ್ರದ ಟಕಟಕ. ದೊಡ್ಡಪ್ಪ ಸಾಗರ, ಹೊಸನಗರ, ತೀರ್ಥಹಳ್ಳಿ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರ್. ಯಾರು ಎಲ್ಲಿ ಹತ್ತುತ್ತಾರೆ, ಯಾರು ಎಲ್ಲಿ ಇಳಿಯುತ್ತಾರೆ, ಯಾರಿಗೆ ವಾಂತಿಯಾಗುತ್ತದೆ, ಯಾರ ಪಕ್ಕ ಯಾರನ್ನು ಕೂರಿಸಿದರೆ ಜಗಳವಾಗುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಬಸ್ಸಿನ ಬಾಗಿಲಿಗೆ ಅವರ ಬಲಗೈ ಸಿಕ್ಕಿಹಾಕಿಕೊಂಡಿತು. ಗಾಯ ಮಾಯಿತು, ಹೆಬ್ಬೆರಳು ಮಾತ್ರ ಮಡಚಲಿಲ್ಲ. ಬೆರಳು ಆಡಿಸುತ್ತಾ ಇರಿ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. ದೊಡ್ಡಪ್ಪ ಅದನ್ನು ಎರಡು ದಿನ ಹಿಸುಕಿ, ಮೂರನೆಯ ದಿನ ಪಕ್ಕದ ಮನೆಯ ನಾಯಿಗೆ ಕೊಟ್ಟರು.

ಆಗ ವಿಡಿಯೋ ಗೇಮ್ ತಂದವನು ಅವರ ಮಗ ಪ್ರವೀಣಣ್ಣ. ನನಗಿಂತ ಆರು ವರ್ಷ ದೊಡ್ಡವನು. ಯಾವನೋ ಗೆಳೆಯ ಹೊಸದು ಕೊಂಡಾಗ ಅವನ ಹಳೆಯದು ನಮ್ಮ ಮನೆಗೆ ಬಂತು. ಜೊತೆಗೆ ಒಂದೇ ಒಂದು ಸಿ.ಡಿ. ಇಬ್ಬರು ಎದುರುಬದುರು ನಿಂತು ಬಡಿದಾಡುವ ಆಟ. ಯಾವ ದೇಶದ್ದೋ ಏನೋ, ಆಟಗಾರರ ಹೆಸರುಗಳೆಲ್ಲ ನಮಗೆ ಓದಲು ಬಾರದ ಅಕ್ಷರದಲ್ಲಿದ್ದವು. ಹಾಗಾಗಿ ನಾವೇ ನಾಮಕರಣ ಮಾಡಿದೆವು. ಉದ್ದ ಜಡೆ ಬೀಸಿಕೊಂಡು ಮಿಂಚಿನಂತೆ ಒದೆಯುವವಳು ಜಡೆಯಮ್ಮ. ಎದೆಯ ತನಕ ಗಡ್ಡ ಬಿಟ್ಟು, ಈಟಿ ಅಡ್ಡ ಹಿಡಿದು, ಬಂದ ಏಟನ್ನೆಲ್ಲ ತಡೆಯುವವನು ಗಡ್ಡದಯ್ಯ. ಬಾಗಿಲಲ್ಲಿ ಹಿಡಿಸದಷ್ಟು ದಪ್ಪಗೆ, ಎದುರಾಳಿಯನ್ನು ಎತ್ತಿ ನೆಲಕ್ಕೆ ಒಗೆಯುವುದೊಂದನ್ನೇ ಬಲ್ಲವನು ದಡಿಯ. ಸಿ.ಡಿ.ಗೆ ಗೀರು ಬಿದ್ದಿದ್ದರಿಂದ ಒಬ್ಬರೇ ಆಡಹೊರಟರೆ ಅರ್ಧಕ್ಕೆ ನಿಲ್ಲುತ್ತಿತ್ತು. ಇಬ್ಬರು ಕೂತೇ ಆಡಬೇಕಿತ್ತು. ದೊಡ್ಡಪ್ಪನನ್ನು ಮೊದಲ ದಿನ ಬಲವಂತ ಮಾಡಿ ಕೂರಿಸಿದ್ದು. ನಾವು ರಿಮೋಟು ಎನ್ನುತ್ತಿದ್ದ ಆ ಗುಂಡಿಗಳ ಪಟ್ಟಿಯನ್ನು ಅವರು ತೊಡೆಯ ಮೇಲಿಟ್ಟುಕೊಂಡು, ಬಲಗೈಯ ತೋರುಬೆರಳೊಂದರಿಂದಲೇ ಗುಂಡಿ ಒತ್ತತೊಡಗಿದರು, ಹಪ್ಪಳ ಒಣಗಿದೆಯೋ ಇಲ್ಲವೋ ನೋಡುವವರ ಹಾಗೆ. ಎರಡನೆಯ ದಿನ ಅವರೇ ಟಿವಿಯ ಮೇಲಿನ ಗಂಟು ಇಳಿಸಿ, ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತಿದ್ದರು.

ಎತ್ತಿ ಒಗೆಯುವ ಪಟ್ಟು ಆ ಆಟದಲ್ಲಿ ಎಲ್ಲರಿಗೂ ಬರುತ್ತಿತ್ತು. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಒಂದು ಬೆರಳಿನಲ್ಲಿ ಅದು ಆಗುವ ಕೆಲಸವಲ್ಲ. ದೊಡ್ಡಮ್ಮ ಇದನ್ನು ಹೇಗೆ ಗಮನಿಸಿದಳೋ ಗೊತ್ತಿಲ್ಲ, ಆಟದ ತಲೆಬುಡ ಅವಳಿಗೆ ತಿಳಿಯುತ್ತಿರಲಿಲ್ಲ. ನನ್ನನ್ನೂ ಪ್ರವೀಣಣ್ಣನನ್ನೂ ಒಂದು ದಿನ ಅಡಿಗೆಮನೆಗೆ ಕರೆದು, ಕೈಗೆ ಒಂದೊಂದು ಚಕ್ಕುಲಿ ಕೊಟ್ಟು, ತಗ್ಗಿದ ದನಿಯಲ್ಲಿ ಹೇಳಿದಳು: "ನೋಡಿ, ಅವ್ರ ಕೈಲಿ ಆಗದ್ದನ್ನ ನೀವೂ ಮಾಡ್ಬೇಡಿ. ಅಂಥದ್ದೊಂದು ಇದೆ ಅಂತ ಅವ್ರಿಗೆ ಗೊತ್ತಾಗೋದೂ ಬೇಡ." ಶುಗರ್ ಇದ್ದವರ ಎದುರು ಸಿಹಿ ತಿನ್ನಬಾರದು ಎಂದು ಹೇಳುತ್ತಿದ್ದುದೂ ಇದೇ ದನಿಯಲ್ಲಿ. ನಾನೇನು ಅಷ್ಟು ಒಳ್ಳೆಯ ಹುಡುಗಿಯಾಗಿರಲಿಲ್ಲ. ಸೋತರೆ ಊಟ ಬಿಡುವ ಜಾತಿ ನನ್ನದು. ಮೊದಮೊದಲು ಬೆರಳು ತುರಿಸುತ್ತಿತ್ತು, ಒಗೆದುಬಿಡಲೇ ಎನ್ನಿಸುತ್ತಿತ್ತು. ಪ್ರವೀಣಣ್ಣ ಪಕ್ಕದಿಂದ ಚಿವುಟುತ್ತಿದ್ದ. ಆರು ತಿಂಗಳಲ್ಲಿ ಅಭ್ಯಾಸವಾಯಿತು. ಒಂದು ವರ್ಷದಲ್ಲಿ ಆ ಪಟ್ಟು ಇರುವುದೇ ನಮಗೆ ಮರೆತುಹೋಯಿತು.

ಯಾರು ಮೇಲು, ಯಾರು ಕೀಳು ಎಂಬ ಪಟ್ಟಿ ಶುರುವಾದದ್ದು ದೊಡ್ಡಪ್ಪನಿಂದ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಅವರು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಗೆರೆ ಹೊಡೆದು, ಒಂದನೇ ಪಂಕ್ತಿ, ಎರಡನೇ ಪಂಕ್ತಿ, ಮೂರನೇ ಪಂಕ್ತಿ ಎಂದು ಬರೆದರು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಯಾರನ್ನು ಕೂರಿಸಬೇಕು ಎನ್ನುವುದಕ್ಕೆ ಎಷ್ಟು ಚರ್ಚೆಯಾಗುತ್ತದೋ ಅಷ್ಟೇ ಚರ್ಚೆ ಇಲ್ಲಿಯೂ. ಭಾನುವಾರ ದೋಸೆ ಮುಗಿದ ಮೇಲೆ ಸಭೆ. ಒಬ್ಬನನ್ನು ಮೇಲಿನ ಪಂಕ್ತಿಗೆ ಏರಿಸಬೇಕಾದರೆ ಮೂವರೂ ಒಪ್ಪಬೇಕು. ಹೊಲಿಗೆಯ ನಡುವೆ ದೊಡ್ಡಮ್ಮ, "ಆ ಜಡೆಯವಳನ್ನ ಮೇಲೆ ಕೂರ್ಸಿ, ಪಾಪ, ಎಷ್ಟು ಕುಣೀತಾಳೆ" ಎಂದು ಮತ ಹಾಕುತ್ತಿದ್ದಳು. ಯಾರ ಎದುರು ಯಾರು ನಿಲ್ಲಬಹುದು, ಎಲ್ಲಿ ಕಾಯಬೇಕು, ಎಲ್ಲಿ ನುಗ್ಗಬೇಕು ಎಂಬುದನ್ನು ದೊಡ್ಡಪ್ಪ ಬಸ್ಸಿನ ಲೆಕ್ಕದಲ್ಲೇ ಹೇಳಿಕೊಡುತ್ತಿದ್ದರು. "ಜಡೆಯಮ್ಮ ಮೂರು ಸಲ ಒದ್ದ ಮೇಲೆ ಒಂದು ಚೂರು ನಿಲ್ತಾಳೆ ನೋಡು. ಬಟ್ಟೆಮಲ್ಲಪ್ಪದಲ್ಲಿ ನಮ್ಮ ಬಸ್ಸು ನಿಂತ ಹಾಗೆ. ಹತ್ತೋರು ಆಗ್ಲೇ ಹತ್ಬೇಕು." ಅವರು ಹೇಳಿದ ಕ್ಷಣಕ್ಕೇ ನಾನು ಹೊಡೆದರೆ ಜಡೆಯಮ್ಮ ಅಂಗಾತ ಬೀಳುತ್ತಿದ್ದಳು. ಅವರ ಕಣ್ಣು ಅಷ್ಟು ಸೂಕ್ಷ್ಮವಾಗಿತ್ತು, ಅದರಲ್ಲಿ ಯಾವ ರಿಯಾಯಿತಿಯೂ ಇರಲಿಲ್ಲ.

ನಮ್ಮ ಪಟ್ಟಿಯಲ್ಲಿ ಒಂದನೇ ಪಂಕ್ತಿಯ ಮೊದಲ ಎಲೆ ಗಡ್ಡದಯ್ಯನದು. ಆಗದೆ ಇನ್ನೇನು? ಏಟು ತಡೆದು ಕೂತವನನ್ನು ಅಲ್ಲಾಡಿಸಲು ಆ ಆಟದಲ್ಲಿ ಇದ್ದ ಒಂದೇ ಉಪಾಯವೆಂದರೆ ಎತ್ತಿ ಒಗೆಯುವುದು. ಅದನ್ನು ನಮ್ಮ ಮನೆಯಲ್ಲಿ ಯಾರೂ ಮಾಡುತ್ತಿರಲಿಲ್ಲ. ಹಾಗಾಗಿ ದೊಡ್ಡಪ್ಪನ ಗಡ್ಡದಯ್ಯ ಈಟಿ ಅಡ್ಡ ಹಿಡಿದು ಕೂತನೆಂದರೆ ಮುಗಿಯಿತು, ಅವನು ಬಂಡೆ. ಒಗೆಯುವುದೊಂದೇ ಗೊತ್ತಿದ್ದ ದಡಿಯ ಕೊನೆಯ ಪಂಕ್ತಿಯಲ್ಲಿ, ಎಲ್ಲರೂ ಉಂಡು ಎದ್ದ ಮೇಲೆ ಕೂರುವವನು. ನಾವು ಅವನನ್ನು ನೋಡಿ ನಗುತ್ತಿದ್ದೆವು. ದೊಡ್ಡಪ್ಪ ಹತ್ತರಲ್ಲಿ ಆರು ಆಟ ಗೆಲ್ಲುತ್ತಿದ್ದರು. ಗೆದ್ದ ದಿನ ಅವರ ನಡಿಗೆಯೇ ಬೇರೆ. "ಕೈ ಸರಿಯಾಗ್ತಾ ಬಂತು, ಮಕ್ಕಳ ಹತ್ರ ಗೆಲ್ತಿದೀನಿ" ಎಂದು ಬಸ್ಸಿನ ಮಾಲೀಕರಿಗೂ ಹೇಳಿದ್ದರು. ಅವರು ದೊಡ್ಡಪ್ಪನನ್ನು ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ನೋಡಿಕೊಳ್ಳುವ ಕೆಲಸಕ್ಕೆ ಕೂರಿಸಿದರು. ಮುಂದೆ ಮತ್ತೆ ಬಸ್ಸು ಹತ್ತುವ ಆಸೆಯೂ ಅವರಿಗಿತ್ತು.

ಮರುವರ್ಷದ ದಸರಾ ರಜೆಯಲ್ಲಿ ಸಾಗರದ ಒಂದು ಗೇಮ್ ಅಂಗಡಿಯಲ್ಲಿ ಇದೇ ಆಟದ ಪಂದ್ಯವೆಂದು ಸುದ್ದಿ ಬಂತು. ಮೂವರೂ ಹೊರಟೆವು. ದೊಡ್ಡಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು, ತಮ್ಮದೇ ಹಳೆಯ ಬಸ್ಸಿನಲ್ಲಿ ಹೊಸ ಕಂಡಕ್ಟರಿಗೆ ಬುದ್ಧಿ ಹೇಳುತ್ತಾ, ನಡುನಡುವೆ ನಮಗೂ ಪಾಠ ಮಾಡುತ್ತಾ ಬಂದರು. ಅಂಗಡಿಯಲ್ಲಿ ಪ್ರವೀಣಣ್ಣನ ಎದುರು ಕೂತವನು ಕನ್ನಡಕದ ಒಬ್ಬ ಕಾಲೇಜು ಹುಡುಗ. ಅವನು ದಡಿಯನನ್ನು ಆರಿಸಿಕೊಂಡ. ದೊಡ್ಡಪ್ಪ ನಮ್ಮವನ ಬೆನ್ನು ತಟ್ಟಿ, "ಕೊನೇ ಪಂಕ್ತಿ ಗಿರಾಕಿ ಕಣೋ, ಹೆದರ್ಬೇಡ. ಗಡ್ಡದಯ್ಯನ್ನ ತಗೊಂಡು ಸುಮ್ನೆ ಕೂತ್ಕೋ" ಎಂದರು. ಪ್ರವೀಣಣ್ಣ ಹಾಗೆಯೇ ಈಟಿ ಅಡ್ಡ ಹಿಡಿದು ಕೂತ. ದಡಿಯ ನಿಧಾನವಾಗಿ ನಡೆದು ಬಂದು, ಗಡ್ಡದಯ್ಯನನ್ನು ಗಡ್ಡಸಮೇತ ತಲೆಯ ಮೇಲೆತ್ತಿ ನೆಲಕ್ಕೆ ಕುಕ್ಕಿದ. ಎದ್ದರೆ ಮತ್ತೆ ಕುಕ್ಕಿದ. ಐದನೆಯ ಸಲಕ್ಕೆ ಆಟ ಮುಗಿಯಿತು. ದೊಡ್ಡಪ್ಪ ಮುಂದೆ ಬಗ್ಗಿ, "ಇದೆಂತ ಮಾಡಿದ್ದು ನೀನು?" ಎಂದು ಆ ಹುಡುಗನನ್ನು ಕೇಳಿದರು. ಅವನು ಮರ್ಯಾದೆಯಿಂದಲೇ, "ಎರಡು ಬಟನ್ ಒಟ್ಟಿಗೆ ಒತ್ತೋದು ಅಂಕಲ್. ಎಲ್ರಿಗೂ ಬರುತ್ತೆ. ನಿಮಗೆ ಗೊತ್ತಿಲ್ವಾ?" ಎಂದ. ದೊಡ್ಡಪ್ಪ ತಮ್ಮ ಬಲಗೈಯನ್ನು ನೋಡಿಕೊಂಡರು. ಆಮೇಲೆ ನಮ್ಮಿಬ್ಬರನ್ನು ನೋಡಿದರು. ಮುಂದಿನ ಆಟದಲ್ಲಿ ನಾನೂ ಸೋತೆ, ಅದನ್ನು ಯಾರೂ ನೋಡಲಿಲ್ಲ.

ಮನೆಗೆ ಬಂದವರೇ ಅವರು ಸೀದಾ ಅಡಿಗೆಮನೆಗೆ ಹೋದರು. ದೊಡ್ಡಮ್ಮ ಅಕ್ಕಿ ತೊಳೆಯುತ್ತಿದ್ದಳು. "ನೀನು ಹೇಳಿದ್ದಾ ಇವ್ರಿಗೆ?" ಎಂದರು. ಅವಳು ತಲೆಯೆತ್ತದೆ, "ಹೌದು, ಮೊದಲಿಂದ್ಲೂ" ಎಂದಳು. ದೊಡ್ಡಪ್ಪ ಬಾಗಿಲ ಚೌಕಟ್ಟಿಗೆ ಒರಗಿದರು. ಕೋಪವಿದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು. "ಮತ್ತೆ ಎಂತೆಂತ ಬಿಟ್ಕೊಟ್ಟಿದೀರಿ ನನಗೆ?" ಎಂದು ಕೇಳಿದರು. ಆ ಪ್ರಶ್ನೆ ನಮಗಷ್ಟೇ ಅಲ್ಲವೆಂದು ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ. ನಿಲ್ದಾಣದ ಆ ಕುರ್ಚಿ ತಮಗೆ ಸಿಕ್ಕಿದ್ದೂ ಹೀಗೆಯೇ ಇರಬಹುದೇ ಎಂಬ ಸಂಶಯ ಅವರನ್ನು ಅಂದೇ ಹೊಕ್ಕಿತ್ತು. ಒಂದು ವಾರ ಟಿವಿಯ ಮೇಲಿನ ಗಂಟುಗಳು ಇಳಿಯಲಿಲ್ಲ.

ಎಂಟನೆಯ ದಿನ ಅವರೇ ಗಂಟುಗಳನ್ನು ಇಳಿಸಿ ಕೂತರು. "ಸುಮಾ, ಬಾ ಇಲ್ಲಿ. ದಡಿಯನ್ನ ತಗೋ. ಇನ್ಮೇಲೆ ಬಿಡೋ ಹಾಗಿಲ್ಲ" ಎಂದರು. ನಾನು ಬಿಡಲಿಲ್ಲ. ಬಿಡುವುದು ನನಗೆ ಎಂದೂ ಇಷ್ಟವಿರಲಿಲ್ಲ ಎಂದು ಹೇಳಿದೆನಲ್ಲ. ಅಂದು ಗಡ್ಡದಯ್ಯ ಎಷ್ಟು ಸಲ ಬಿದ್ದನೋ ಲೆಕ್ಕವಿಲ್ಲ. ಮಾರನೆಯ ದಿನವೂ ಬಿದ್ದ. ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು, ದೊಡ್ಡಪ್ಪ ದಿನವೂ ಸೋಲುತ್ತಲೇ ಇದ್ದರು. ದೊಡ್ಡಮ್ಮ ಹೊಲಿಗೆ ನಿಲ್ಲಿಸಿ ನನ್ನ ಕಡೆ ಕಣ್ಣು ಬಿಡುತ್ತಿದ್ದಳು, ನಾನು ನೋಡದವಳಂತೆ ಟಿವಿಯನ್ನೇ ನೋಡುತ್ತಿದ್ದೆ. ಅವರು ರಿಮೋಟನ್ನು ತೊಡೆಯಿಂದ ಇಳಿಸಿ ಮಣೆಯ ಮೇಲಿಟ್ಟರು. ತೋರುಬೆರಳು, ನಡುಬೆರಳು ಎರಡನ್ನೂ ಒಟ್ಟಿಗೆ ಇಳಿಸುವುದನ್ನು ಕಲಿತರು. ಮೊದಲು ಒಂದು ಮುಂದೆ, ಒಂದು ಹಿಂದೆ ಬೀಳುತ್ತಿದ್ದವು. ಊಟಕ್ಕೆ ಕೂತಾಗಲೂ ಎಲೆಯ ಪಕ್ಕ ನೆಲದ ಮೇಲೆ ಎರಡು ಬೆರಳು ಕುಟ್ಟುತ್ತಿದ್ದರು. ಪಂಕ್ತಿಯ ಪಟ್ಟಿಯನ್ನೂ ತಾವೇ ತಿದ್ದಿ, ದಡಿಯನನ್ನು ಮೇಲಕ್ಕೇರಿಸಿ, ಗಡ್ಡದಯ್ಯನನ್ನು ಮೂರನೆಯದಕ್ಕೆ ಇಳಿಸಿದರು. ಆದರೂ ಆಡಲು ಅವನನ್ನು ಬಿಡಲಿಲ್ಲ.

ಪರೀಕ್ಷೆ ಮುಗಿದ ಒಂದು ಮಧ್ಯಾಹ್ನ ನಾನು ದಡಿಯನನ್ನು ನಡೆಸಿಕೊಂಡು ಹೋಗಿ ಎಂದಿನಂತೆ ಕೈ ಹಾಕಿದೆ. ಎದುರಾಳಿ ಕೈ ಹಾಕಿದ ಆ ಗಳಿಗೆಗೇ ತಾನೂ ಎರಡು ಗುಂಡಿ ಒತ್ತಿದರೆ ಪಟ್ಟು ಬಿಡಿಸಿಕೊಳ್ಳಬಹುದು. ಮಣೆಯ ಮೇಲೆ ಟಪ್ ಎಂದು ಒಂದೇ ಸದ್ದು ಕೇಳಿಸಿತು. ಗಡ್ಡದಯ್ಯ ಕೊಸರಿಕೊಂಡ. ನಾನು ಮತ್ತೆ ನುಗ್ಗಿದೆ, ಮತ್ತೆ ಟಪ್. ಮೂರನೆಯ ಸಲ ಅವನೇ ಮುಂದೆ ಬಂದು, ಅಷ್ಟು ದಪ್ಪದ ದಡಿಯನನ್ನು ಎತ್ತಿ ಒಗೆದ. ಆಟ ಮುಗಿದೇ ಹೋಯಿತು. ನನಗೆ ಹನ್ನೊಂದು ವರ್ಷ, ಮುಖ ಕೆಂಪಾಗಿ ಅಳು ಒತ್ತರಿಸಿ ಬಂತು. ದೊಡ್ಡಪ್ಪ ಟಿವಿಯನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಅರಳುತ್ತಾ ಬಂದದ್ದು ಅರ್ಧಕ್ಕೆ ನಿಂತಿತು. "ಬಿಟ್ಟೆ ಅಲ್ದಾ?" ಎಂದರು. ಇಲ್ಲ, ದೇವರಾಣೆ ಇಲ್ಲ ಎಂದೆ. "ಇರ್ಲಿ ಮಾರಾಯ್ತಿ, ಅಳೋದೂ ಚೆನ್ನಾಗಿ ಕಲ್ತಿದೀಯ" ಎಂದು ನಕ್ಕು ನನ್ನ ತಲೆ ಸವರಿ, ದೊಡ್ಡಮ್ಮನ ಕಡೆ ತಿರುಗಿ ಕಾಫಿ ಕೇಳಿದರು.

ಆಮೇಲೆ ಎಲ್ಲವೂ ಬೇಗ ಬೇಗ ಆಗಿಹೋಯಿತು. ಪ್ರವೀಣಣ್ಣ ಸಾಗರದಲ್ಲಿ ಮೊಬೈಲ್ ಅಂಗಡಿ ಇಟ್ಟ. ದೊಡ್ಡಮ್ಮ ತೀರಿಹೋದಳು. ಮೂರು ಮನೆಗಳನ್ನು ಕೆಡವಿ ಅಲ್ಲಿ ಕಾಂಪ್ಲೆಕ್ಸ್ ಎದ್ದಿದೆ. ನಮ್ಮ ಕೋಣೆಯಿದ್ದ ಜಾಗದಲ್ಲಿ ಈಗ ಝೆರಾಕ್ಸ್ ಮಾಡುತ್ತಾರೆ. ದೊಡ್ಡಪ್ಪ ಕೊನೆಯವರೆಗೂ ನಿಲ್ದಾಣದ ಕುರ್ಚಿಯಲ್ಲೇ ದುಡಿದರು, ಮತ್ತೆ ಬಸ್ಸು ಹತ್ತಿಸಿ ಎಂದು ಯಾರನ್ನೂ ಕೇಳಲಿಲ್ಲ. ಹೋದ ವರ್ಷ ಸಾಗರದಲ್ಲಿ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಗ ನೋಡಲು ಹೋಗಿದ್ದೆ. ಕೈ ಹಿಡಿದುಕೊಂಡು ಕೂತೆ. ಏನೇನೋ ಮಾತಾಡಿದ ಮೇಲೆ, "ಅವತ್ತು ಆ ದಡಿಯನ್ನ ನೀನೇ ಬಿಟ್ಟಿದ್ದಲ್ದಾ? ಈಗಾದ್ರೂ ಹೇಳು" ಎಂದರು. ಇಲ್ಲ ದೊಡ್ಡಪ್ಪ, ನೀವು ಗೆದ್ದಿರಿ, ಮೂರು ಸಲವೂ ನಿಮ್ಮ ಬೆರಳು ಸರಿಯಾದ ಹೊತ್ತಿಗೇ ಬಿತ್ತು, ನನಗೆ ತಡೆಯಲು ಆಗಲಿಲ್ಲ ಎಂದು ಬಿಡಿಸಿ ಹೇಳಿದೆ. ಅವರು ಬಹಳ ಪ್ರೀತಿಯಿಂದ ನನ್ನನ್ನು ನೋಡಿ, "ಥೇಟ್ ನಿನ್ ದೊಡ್ಡಮ್ಮನೇ ನೀನು" ಎಂದು ಕಣ್ಣು ಮುಚ್ಚಿಕೊಂಡರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅಂದೇ.

ಒಂದು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ಸುಳ್ಳು ಗೆಲುವು ಕೊಟ್ಟೆವು, ಅದನ್ನು ಅವರು ಪೂರ್ತಿ ನಂಬಿದ್ದರು. ನಿಜವಾದದ್ದು ಒಂದೇ ಒಂದು ಇತ್ತು, ಅದನ್ನು ಅವರ ಕೈಯಲ್ಲಿಡಲು ನನ್ನಿಂದ ಆಗಲಿಲ್ಲ. ಅವತ್ತು ನಾನು ಅತ್ತದ್ದು ಸೋತದ್ದಕ್ಕೆ, ದೊಡ್ಡಪ್ಪ. ನಾನು ಬಿಟ್ಟಿರಲಿಲ್ಲ.