ಯುಗಾದಿಗೊಬ್ಬ, ಗೌರಿಹಬ್ಬಕ್ಕೊಬ್ಬ

ನಮ್ಮಪ್ಪ ಪುಟ್ಟಬಸಪ್ಪ ಆನೆಗೆ ಹೆದರಿದವನಲ್ಲ. ಬಿಳಿಗಿರಿ ಬೆಟ್ಟದಿಂದ ಇಳಿದು ಕಬ್ಬಿಗೆ ನುಗ್ಗುತ್ತಿದ್ದ ಹಿಂಡನ್ನು ಒಬ್ಬನೇ ಪಂಜು ಹಿಡಿದು ಅಟ್ಟಿಬರುತ್ತಿದ್ದ. ಅಂಥ ಗಂಡಸಿಗೆ ಕಚೇರಿಯೆಂದರೆ ಕೈಕಾಲು ನಡುಕ. ಅಮಲ್ದಾರರ ಜವಾನ ಊರಿಗೆ ಬಂದರೆ ಸಾಕು, ಹಿತ್ತಲ ಬಾಗಿಲಿಂದ ಗದ್ದೆಗೆ ಓಟ. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

೧೯೫೦ರಲ್ಲಿ ನಾನೂ ಗುರುಪಾದಸ್ವಾಮಿಯೂ ಒಟ್ಟಿಗೇ ಹೈಸ್ಕೂಲು ಮುಗಿಸಿದೆವು. ನನ್ನ ತಮ್ಮ ಇನ್ನೂ ಓದುತ್ತಿದ್ದ. ಒಬ್ಬ ತಂದೆಯ ಮೂವರು ಮಕ್ಕಳು ಓದುತ್ತಿದ್ದರೆ ಕಾಲೇಜಿನಲ್ಲಿ ಅರ್ಧ ಫೀಸು ಮಾಫಿ, ಯಳಂದೂರಿನ ಅಮಲ್ದಾರರ ರುಜು ಬೇಕು ಎಂದರು ಮೇಷ್ಟ್ರು. ಮಾಫಿ ಸಿಗದಿದ್ದರೆ ಒಬ್ಬ ಕಾಲೇಜಿಗೆ, ಇನ್ನೊಬ್ಬ ನೇಗಿಲಿಗೆ.

ಗುರುಪಾದ ನಮ್ಮ ಚಿಕ್ಕಪ್ಪ ಕೆಂಪನಂಜಪ್ಪನ ಮಗ. ಹೆರಿಗೆಯಲ್ಲಿ ತಾಯಿ ಹೋದಳು, ಅದೇ ತಿಂಗಳು ವಾಂತಿಭೇದಿಗೆ ಚಿಕ್ಕಪ್ಪನೂ ಹೋದ. ಅವ್ವ ನಮ್ಮಿಬ್ಬರಿಗೂ ಹಾಲು ಕೊಟ್ಟಳು. ಇದು ಊರಿಗೆಲ್ಲ ಗೊತ್ತು, ಗುರುಪಾದನಿಗೆ ಮಾತ್ರ ಗೊತ್ತಿಲ್ಲ ಎಂದು ನಂಬಿದ್ದೆವು. ಬಾಯಿಬಿಟ್ಟರೆ ನಾಲಿಗೆಗೆ ಬರೆ ಎಳೆಯುತ್ತೇನೆಂದು ಅವ್ವ ನನ್ನನ್ನು ಹೆದರಿಸಿಟ್ಟಿದ್ದಳು.

ಸ್ಕೂಲಿಗೆ ಸೇರಿಸುವಾಗ ಅಪ್ಪ, ಇವನು ಯುಗಾದಿಗೆ ಹುಟ್ಟಿದವನು, ಅವನು ಅದೇ ವರ್ಷದ ಗೌರಿಹಬ್ಬಕ್ಕೆ ಎಂದು ಇದ್ದದ್ದು ಇದ್ದಂತೆ ಹೇಳಿದ್ದ. ಇಬ್ಬರಿಗೂ ತಂದೆ ಎಂದು ತನ್ನ ಹೆಸರನ್ನೇ ಬರೆಸಿದ್ದ. ಅದರಲ್ಲಿ ತಪ್ಪಿದೆಯೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅಮಲ್ದಾರರಿಗೆ ಹೊಳೆಯಿತು. ಹುಡುಗರೊಂದಿಗೆ ಬರಬೇಕೆಂದು ಹೇಳಿ ಕಳಿಸಿದರು.

ಅವರ ಮೇಜಿನ ಮುಂದೆ ಅಪ್ಪ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡ.

“ಒಬ್ಬ ಮಾರ್ಚಿಯಲ್ಲಿ, ಇನ್ನೊಬ್ಬ ಅದೇ ವರ್ಷ ಸೆಪ್ಟೆಂಬರಿನಲ್ಲಿ! ನಿಮಗೆಷ್ಟು ಜನ ಹೆಂಡತಿಯರು ಪುಟ್ಟಬಸಪ್ಪನವರೇ?”

“ಒಬ್ಳೇಯ ಸಾ.”

ಗುಮಾಸ್ತ ಕಿಸಕ್ಕನೆ ನಕ್ಕ. ಅವನ ಮುಸುಡಿಗೆ ಗುದ್ದಬೇಕೆನಿಸಿತು ನನಗೆ.

“ಹಾಗಾದರೆ ಇವರಲ್ಲಿ ನಿಮ್ಮ ಮಗ ಯಾರು?”

“ಇಬ್ರೂವೆ ನನ್ನ ಐಕ್ಳೇ ಸಾ.”

“ಸುಳ್ಳು ಅರ್ಜಿ ಕೊಟ್ಟರೆ ಜೈಲು. ಗೊತ್ತೇನ್ರೀ?”

ಅಪ್ಪ ಬಾಗಿಲ ಕಡೆಗೊಮ್ಮೆ ನೋಡಿದ. ನಿಜ ಹೇಳು ಅಪ್ಪಾ ಎಂದು ಒಳಗೊಳಗೇ ಕೂಗಿಕೊಂಡೆ. ಹೇಳಬೇಡ ಎಂದೂ ಕೂಗಿಕೊಂಡೆ.

“ಜೈಲ್ಗೇ ಆಕಿ ಸಾ,” ಎಂದ ಅಪ್ಪ. “ಇಬ್ರೂ ನನ್ನ ಐಕ್ಳೇಯ.”

ಆಗ ಗುರುಪಾದ ಒಂದು ಹೆಜ್ಜೆ ಮುಂದೆ ಬಂದ.

“ನಾನಲ್ಲ ಸಾ. ನಮ್ಮಪ್ಪ ಕೆಂಪನಂಜಪ್ಪ, ತೀರೋಗವ್ರೆ. ಇವ್ರು ನಮ್ ದೊಡ್ಡಪ್ಪ.”

ಅವನಿಗೆ ಯಾವಾಗ ಗೊತ್ತಾಯಿತೋ, ಯಾರು ಹೇಳಿದರೋ! ಅಪ್ಪ ಮೇಜಿನ ಅಂಚು ಹಿಡಿದುಕೊಂಡ.

ಅಮಲ್ದಾರರ ದನಿ ಮೆತ್ತಗಾಯಿತು. ತಂದೆಯಿಲ್ಲದ ಹುಡುಗನಿಗೆ ಪೂರ್ತಿ ಮಾಫಿ ಇದೆ, ಮೊದಲೇ ಹೇಳಬಾರದಿತ್ತೇ ಎಂದರು. ಅವನ ಫೀಸು ಉಳಿದರೆ ನನ್ನದನ್ನು ಹೇಗೋ ಕಟ್ಟಬಹುದಿತ್ತು. ಬೇರೆ ಅರ್ಜಿ ಬರೆಸಿದರು. ತಂದೆ ಕೆಂಪನಂಜಪ್ಪ, ಮೃತ. ಪೋಷಕ ಎಂಬಲ್ಲಿ ಅಪ್ಪ ಸಹಿ ಹಾಕುವಷ್ಟರಲ್ಲಿ ಎರಡು ಸಲ ಮಸಿ ಚೆಲ್ಲಿತು.

ಊರಿನ ದಾರಿಯಲ್ಲಿ ಗುರುಪಾದ ಮುಂದೆ ಮುಂದೆ ನಡೆದ. ಅಪ್ಪ ಬೇಕೆಂದೇ ಹಿಂದುಳಿದ. ನನ್ನ ತೋಳು ಹಿಡಿದು, ಅವನಿಗೆ ಕೇಳದ ಹಾಗೆ ಕೇಳಿದ:

“ಲೇ, ಇನ್ಮ್ಯಾಕೆ ಅವ್ನು ನನ್ನ ಏನಂತ ಕರ್ದಾನ್ಲಾ?”

ಒಂದು ಮೈಲಿ ಹೀಗೇ ನಡೆದೆವು. ಅವನನ್ನು ಕೂಗಿ ನಿಲ್ಲಿಸುವುದಕ್ಕೂ ಅಪ್ಪನಿಗೆ ಭಯ.

ಕೆರೆ ತೂಬಿನ ಹತ್ತಿರ ಗುರುಪಾದ ನಿಂತು ತಿರುಗಿದ. ಅಪ್ಪನೂ ನಿಂತುಬಿಟ್ಟ.

“ಅಪ್ಪೋ, ಬಿರ್ರನೆ ಬಾ, ಒಟ್ಟೆ ಅಸೀತಾ ಅದೆ!”

ಅಪ್ಪ ರಸ್ತೆಯ ಮಧ್ಯದಲ್ಲೇ ಕುಕ್ಕರಿಸಿ ಕೂತು, ಪೇಟದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.