ಅಮ್ಮನ ಹಲ್ಲಿನ ಪತ್ತಾರ

ಮೋನಪ್ಪ ಪತ್ತಾರರು ಪುಣೆಯ ದಂಡುಪೇಟೆ ಲಷ್ಕರದಲ್ಲಿ, ಒಬ್ಬ ದಂತವೈದ್ಯರ ಹಿಂದಿನ ಕೋಣೆಯಲ್ಲಿ ಕೂತು ಹಲ್ಲು ಕಟ್ಟುತ್ತಿದ್ದರು. ಮೂಗುತಿ, ಬುಗುಡಿ ಮಾಡಿಕೊಂಡು ಬದುಕಲೆಂದು ಬೆಳಗಾವಿಯಿಂದ ಬಂದ ಅಕ್ಕಸಾಲಿ ಅವರು. ಕೈಯ ನಾಜೂಕು ಕಂಡ ವೈದ್ಯರು ಬಂಗಾರದ ಹಲ್ಲಿನ ಕೆಲಸಕ್ಕೆ ಎಳೆದುಕೊಂಡರು. ಅವರ ಮಂದಿಯೇ ‘ಎಂಜಲು ಪತ್ತಾರ’ ಎಂದು ಆಡಿಕೊಂಡರಂತೆ. ಆಡಿಕೊಂಡವರೂ ಹಲ್ಲು ಬಿದ್ದಾಗ ಇಲ್ಲಿಗೇ ಬಂದರು, ಆ ಮಾತು ಬೇರೆ. ಊರಿಗೆಲ್ಲ ಹಲ್ಲು ಕೊಟ್ಟ ಮೋನಪ್ಪನವರ ಬಾಯಲ್ಲಿ ಮಾತ್ರ ಹುಡುಕಿದರೂ ಒಂದು ಹಲ್ಲಿರಲಿಲ್ಲ.

ಆ ಬೊಚ್ಚುಬಾಯಿಯ ಮನುಷ್ಯನ ಋಣ ನನ್ನ ಮೇಲಿದೆ. ದೀಪ ಹಚ್ಚುವಾಗ ಇಂದಿಗೂ ಅವರನ್ನು ನೆನೆಯುತ್ತೇನೆ.

ನನ್ನ ಅಮ್ಮ ರಂಗೂಬಾಯಿ ಧಾರವಾಡದ ಹೆಣ್ಣು. ಪುಣೆಯ ಶನಿವಾರ ಪೇಟೆಯ ನಮ್ಮ ವಾಡೆಯ ವಠಾರದಲ್ಲಿ ಯಾರ ಮನೆಯ ಮದುವೆಯಾದರೂ ಹೆಣ್ಣು ಒಪ್ಪಿಸಿಕೊಡುವ ಹಾಡು ಅವಳದೇ. ಕನ್ನಡದ ಗಂಧವಿಲ್ಲದ ಮರಾಠಿ ನೆರೆಯವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಮೂವತ್ತೆಂಟನೇ ಇಸವಿಯಲ್ಲಿ ನನ್ನ ಮದುವೆ ಗೊತ್ತಾಯಿತು. ಅದೇ ವರ್ಷ ಅಮ್ಮ ನಳದ ಕಟ್ಟೆಯ ಮೇಲೆ ಜಾರಿ ಬಿದ್ದು ಮೇಲಿನ ಮುಂಬಲ್ಲುಗಳನ್ನು ಕಳೆದುಕೊಂಡಳು. ಅಂದಿನಿಂದ ಬಾಯಿಗೆ ಸೆರಗು ಅಡ್ಡ ಬಂತು.

‘ಊರ ಹುಡಿಗ್ಯಾರ್ನೆಲ್ಲಾ ನಾ ಒಪ್ಪಿಸಿ ಕೊಟ್ಟೆ. ನನ್ನ ಶಾಮಲಾಗ ಯಾರ ಹಾಡ್ತಾರ?’ ಎಂದು ಒಂದೇ ಕೊರಗು.

ಅಪ್ಪ ಅವಳನ್ನು ಲಷ್ಕರಕ್ಕೆ ಕರೆದೊಯ್ದರು. ಅಂಗುಳಿಗೆ ಒಪ್ಪುವ ಬಂಗಾರದ ತಗಡು, ಅದರಲ್ಲಿ ಪಿಂಗಾಣಿ ಹಲ್ಲು, ಅಕ್ಕಪಕ್ಕದ ಹಲ್ಲನ್ನು ಹಿಡಿದುಕೊಳ್ಳಲು ಎರಡು ಕೊಂಡಿ ಮಾಡಿ ಮೋನಪ್ಪನವರು ಕೊಟ್ಟರು. ಅಮ್ಮನ ದವಡೆಯ ಅಚ್ಚಿನ ಮೇಲೆ ಅದು ಅಚ್ಚುಕಟ್ಟಾಗಿ ಕೂತಿತು.

ಇಲ್ಲಿಂದ ಅಮ್ಮನ ಮಡಿಯ ಪ್ರತಾಪ. ಪರರ ಕೈಯಲ್ಲಿ ಹೊರಳಾಡಿ ಬಂದದ್ದನ್ನು ಹಾಗೆಯೇ ಬಾಯಿಗಿಡುವುದುಂಟೇ? ಬಂಗಾರ ಬೆಂಕಿ ಕಂಡರೆ ಶುದ್ಧವೆಂದು ಅದನ್ನು ಒಲೆಯ ನಿಗಿನಿಗಿ ಕೆಂಡದ ಮೇಲಿಟ್ಟು, ಊದುಗೊಳವೆಯಿಂದ ಊದಿದ್ದೇ ಊದಿದ್ದು. ಬೆಸುಗೆ ಬಿಟ್ಟು ಒಂದು ಕೊಂಡಿ ಬೂದಿಯಲ್ಲಿ ಬಿತ್ತು. ಒಂದು ಹಲ್ಲು ಚಟ್ಟೆಂದು ಸೀಳಿತು. ಮದುವೆಗೆ ವಾರವೂ ಉಳಿದಿರಲಿಲ್ಲ.

ಅಪ್ಪನಿಗೆ ಹೇಳುವ ಧೈರ್ಯ ಅವಳಿಗಿಲ್ಲ. ನಾನೇ ಟಾಂಗಾದಲ್ಲಿ ಕರೆದುಕೊಂಡು ಹೋದೆ. ‘ಕೈಜಾರಿ ಬಿತ್ತು ಅಂತ ಹೇಳು’ ಎಂದು ದಾರಿಯುದ್ದಕ್ಕೂ ನನಗೆ ಪಾಠ ಮಾಡಿದಳು.

ಮೋನಪ್ಪನವರು ಕರ್ರಗಾದ ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ‘ಒಲ್ಯಾಗ ಬಿತ್ತೇನ್ರಿ, ಅಕ್ಕಾರ?’

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಸೆರಗಿನೊಳಗಿಂದ, ‘ಬೀಳಲಿಲ್ರಿ, ಇಟ್ಟೆ. ಶುದ್ಧ ಆಗ್ಲಿ ಅಂತ’ ಎಂದಳು.

ಈಗ ಬೈಗುಳ ಬಿತ್ತು ಎಂದುಕೊಂಡೆ. ಅವರು ಬೈಯಲಿಲ್ಲ, ನಗಲೂ ಇಲ್ಲ.

‘ನೀವೂ ಬೆಂಕಿ ಊದೀರಿ, ನಾನೂ ಅದನ್ನ ಊದಾಂವ. ಕೆಟ್ಟದ್ದೇನೂ ಮಾಡಿಲ್ಲ ಬಿಡ್ರಿ. ಲಗ್ನ ಯಾವಾಗ ಐತಿ?’

‘ಸೋಮವಾರ ಅದರಿ. ಹಾಡಬೇಕು’ ಎನ್ನುವಾಗ ಅಮ್ಮನ ದನಿ ಒಡೆಯಿತು.

‘ನಾಳೆ ಬರ್ರಿ. ನಿಮ್ಮ ಮಡಿ ನೀರು ಒಂದ ತಂಬಗಿ ತರ್ರಿ.’

ಕಪಾಟಿನಲ್ಲಿ ಊರ ಮಂದಿಯ ದವಡೆಗಳ ಪ್ಲಾಸ್ಟರ್ ಅಚ್ಚುಗಳು ಸಾಲಾಗಿದ್ದವು. ಅದರಲ್ಲಿ ಅಮ್ಮನದನ್ನು ತೆಗೆದು, ತಗಡನ್ನು ಅದರ ಮೇಲೆ ಕೂಡಿಸಿ, ಕೊಂಡಿಯನ್ನು ಮೇಣದಿಂದ ಹಿಡಿಸಿ ಅವರು ಆಗಲೇ ಕೆಲಸಕ್ಕೆ ಕೂತರು.

ಮರುದಿನ ಹೋದಾಗ ಕೊಂಡಿ ಬೆಸೆದಾಗಿತ್ತು, ಹೊಸ ಹಲ್ಲು ಬಂದಿತ್ತು, ಬಂಗಾರ ಹೊಳೆಯುತ್ತಿತ್ತು. ಅಮ್ಮನ ತಾಮ್ರದ ತಂಬಿಗೆಯನ್ನು ಅವಳ ಕೈಯಿಂದಲೇ ಸ್ಪಿರಿಟ್ ದೀಪದ ಮೇಲಿಡಿಸಿದರು. ನೀರು ಕುದಿಯುತ್ತಲೇ ಹಲ್ಲಿನ ಕಟ್ಟನ್ನು ಚಿಮಟದಿಂದ ಅದರಲ್ಲಿ ಬಿಟ್ಟು, ದೀಪ ಆರಿಸಿ ದೂರ ಸರಿದು ನಿಂತರು.

‘ಬೆಂಕಿ ಕಂಡೈತಿ, ನಿಮ್ಮ ನೀರೂ ಕಂಡೈತಿ. ಆರಿದ ಮ್ಯಾಲೆ ನೀವ ತಗೀರಿ. ನಾ ಮುಟ್ಟಂಗಿಲ್ಲ.’

ಅಮ್ಮ ತೆಗೆದು ಹಾಕಿಕೊಂಡಳು. ಸೆರಗು ಕೆಳಗಿಳಿಯಿತು.

ಸೋಮವಾರ ಅಮ್ಮ ನನ್ನ ಕೈ ಹಿಡಿದು ಹಾಡಿದಳು. ಒಂದು ನುಡಿಯೂ ತೊದಲಲಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮನ ಕರೆಗೆ ಬಂದಿದ್ದ ಮೋನಪ್ಪನವರು ಬಾಗಿಲಲ್ಲಿ ನಿಂತು ಹಾಡು ಕೇಳುತ್ತಿದ್ದರೋ, ಹಲ್ಲಿನ ಸಂದಿನಿಂದ ಸೀಟಿ ಬರುತ್ತದೋ ಎಂದು ಪರೀಕ್ಷಿಸುತ್ತಿದ್ದರೋ, ಅವರೇ ಬಲ್ಲರು.

ಹಾಡು ಮುಗಿಸಿದ ಅಮ್ಮ ಒಳಗೆ ಹೋಗಿ ಒಂದು ಬಟ್ಟಲು ತಂದಳು. ಹಾಲಿನಲ್ಲಿ ನೆನೆಸಿ ಕಿವುಚಿದ ಹೋಳಿಗೆ.

‘ನಿಮಗ ಅಂತನ ಮೆತ್ತಗ ಮಾಡೀನ್ರಿ. ನಿಮ್ಮ ಹಲ್ಲು ಯಾವಾಗ ಕಟ್ಕೋತೀರಿ?’

‘ಪುರಸೊತ್ತಾದಾಗ್ರಿ, ಅಕ್ಕಾರ.’

ಪರರಿಗೆ ಏನು ಕೊಟ್ಟರೂ ಕೈ ತಗಲದಂತೆ ಮೇಲಿಂದಲೇ ಬಿಡುವ ಅಮ್ಮ ಬಟ್ಟಲನ್ನು ಅವರ ಕೈಯೊಳಗೇ ಇಟ್ಟಳು. ಬೆರಳಿಗೆ ಬೆರಳು ತಗಲಿತು. ಆ ದಿನ ಅಮ್ಮ ಮತ್ತೆ ಸ್ನಾನಕ್ಕೆ ಹೋಗಲೇ ಇಲ್ಲವೆಂದು ಆಮೇಲೆ ಅಪ್ಪ ಹೇಳಿದರು.