ಎಳೆ ಬೆತ್ತ ಕೊಳ್ಳದವಳು

ಊರಿನವರು ಅವಳಿಗಿಟ್ಟ ಹೆಸರು ಬೆತ್ತದಕ್ಕ. ಬೆತ್ತದ ಬುಟ್ಟಿ ಹೆಣೆಯುತ್ತಾಳೆಂದು ಅರ್ಧ, ಮಾತು ಬೆತ್ತದೇಟಿನಂತೆ ಬೀಳುತ್ತದೆಂದು ಇನ್ನರ್ಧ. ಗಂಡ ತೀರಿಕೊಂಡ ಮೇಲೆ ಮನೆಯ ಹಿಂದಿನ ತಗಡಿನ ಕೊಟ್ಟಿಗೆಯನ್ನೇ ಕಾರ್ಖಾನೆ ಮಾಡಿಕೊಂಡು ಆರು ಹೆಂಗಸರಿಗೆ ಕೆಲಸ ಕಲಿಸಿದ್ದಳು. ಕಾಡಿನಲ್ಲಿ ಬಲಿತ ಬೆತ್ತವನ್ನಷ್ಟೇ ಕಡಿಯಬೇಕು, ಬುಡದ ಚಿಗುರು ಮುಟ್ಟಬಾರದು ಎಂಬುದು ಅವಳ ಕಟ್ಟಪ್ಪಣೆ.

ಮೈದುನನಿಗೆ ಅದು ಕಣ್ಣುರಿ. ಪಟ್ಟಣದ ಕುರ್ಚಿ ಕಾರ್ಖಾನೆಗೆ ಬೆತ್ತ ಸಾಗಿಸುತ್ತಿದ್ದ ಅವನು ಗುಡ್ಡದ ಒಂದು ಮಗ್ಗುಲನ್ನೇ ಬೋಳಿಸಿದ್ದ. ಎಳೆಯದನ್ನು ಕಾರ್ಖಾನೆಯವರು ವಾಪಸು ಕಳಿಸಿದಾಗ ಆ ಹೊರೆಯನ್ನು ತಂದು ಅತ್ತಿಗೆಯ ಅಂಗಳದಲ್ಲಿ ಕೆಡವಿದ.

"ತಗೋ ಅತ್ತಿಗೆ. ಮನೆಯವರದ್ದೇ ಮಾಲು."

ಅವಳು ಒಂದನ್ನೆತ್ತಿ ಬಗ್ಗಿಸಿ ನೋಡಿದಳು. "ಇದು ಒಣಗಿದ್ರೆ ಸುಕ್ಕಾಗುತ್ತೆ, ಬುಟ್ಟಿ ಸಡಿಲ ಬೀಳುತ್ತೆ. ನೀನು ಕಡಿದಿದ್ದು ಬೆತ್ತ ಅಲ್ಲ ಕಣೋ, ಊರಿನ ನಾಳೆಯ ಅನ್ನ. ಎತ್ಕೊಂಡು ಹೋಗು."

"ನಮ್ಮಣ್ಣನ ಅನ್ನ ತಿಂದು ಕೊಬ್ಬಿದೀಯ."

"ನಿಮ್ಮಣ್ಣನಿಗೆ ಅನ್ನ ಹಾಕಿದ್ದೇ ಈ ಕೈ. ಅವರು ಹಾಸಿಗೆ ಹಿಡಿದ ಮೂರು ವರ್ಷ ನೀನೆಲ್ಲಿ ಸತ್ತಿದ್ದೆ?"

ಅವನು ಸುಮ್ಮನಿರುವ ಆಸಾಮಿಯಲ್ಲ. ಇವಳು ಕಾಡನ್ನೇ ಗುತ್ತಿಗೆ ಹಿಡಿದವಳಂತೆ ಆಡುತ್ತಾಳೆ, ನಾಳೆ ಸೌದೆಗೂ ಬೇಲಿ ಹಾಕಿಸುತ್ತಾಳೆ ಎಂದು ಊರವರ ಕಿವಿ ಊದಿದ. ನಾಲ್ವರು ಹೆಂಗಸರು ಕೆಲಸ ಬಿಟ್ಟರು. ಒಂದು ಬೆಳಿಗ್ಗೆ ನೋಡಿದರೆ, ಬೆತ್ತ ನೆನೆಹಾಕಿದ್ದ ತೊಟ್ಟಿಗೆ ಯಾರೋ ಲಾರಿಯ ಸುಟ್ಟ ಎಣ್ಣೆ ಸುರಿದಿದ್ದರು. ಯಾರೋ ಏನು, ಊರಿನಲ್ಲಿ ಲಾರಿ ಇದ್ದದ್ದು ಮೈದುನನಿಗೊಬ್ಬನಿಗೇ.

"ಮನೆ ಮರ್ಯಾದೆ ಬೀದಿಗೆ ಹಾಕ್ಬೇಡ" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಅವಳು ಅವರನ್ನು ಸರಿಸಿ, ಎಣ್ಣೆ ಮೆತ್ತಿದ ಬೆತ್ತ ಹಿಡಿದೇ ಅರಣ್ಯ ಕಚೇರಿಯ ಮೆಟ್ಟಿಲು ಹತ್ತಿದಳು. ಅಲ್ಲಿನ ಗಾರ್ಡನನ್ನು ಗುಡ್ಡಕ್ಕೆ ಕರೆದೊಯ್ದು ಕಡಿದ ಬುಡಗಳನ್ನು ಒಂದೊಂದಾಗಿ ತೋರಿಸಿದಳು. ಬೆತ್ತ ಕಡಿಯಲು ಮೈದುನನಿಗಿದ್ದ ಪರವಾನಗಿ ರದ್ದಾಯಿತು. ಅತ್ತೆ ಸಾಯುವ ತನಕ ಅವಳ ಕೈಯ ನೀರು ಮುಟ್ಟಲಿಲ್ಲ.

ಉಳಿದ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ಅವಳು ಆ ಬೋಳು ಮಗ್ಗುಲಿಗೆ ಸಸಿ ನೆಟ್ಟಳು. ಏಳೆಂಟು ವರ್ಷಕ್ಕೆ ಅಲ್ಲಿ ಮತ್ತೆ ಕಡಿಯುವಷ್ಟು ಬೆತ್ತ ಬಲಿಯಿತು. ಬಿಟ್ಟುಹೋದವರು ಒಬ್ಬೊಬ್ಬರಾಗಿ ಮರಳಿದರು. ಬೆತ್ತದಕ್ಕ ಅವರ ಕೈಗೆ ಕತ್ತಿ ಕೊಟ್ಟಳು, ಮಾತಾಡಿಸಲಿಲ್ಲ. ಕೊನೆಗೆ ಮೈದುನನ ಹೆಂಡತಿಯೂ ಬಂದಳು, ಹಿಂದೆಯೇ ಅವನು.

"ಅವಳು ಬರಲಿ. ನೀನು ಹೊಸಿಲು ತುಳಿದ್ರೆ ಕಾಲು ಮುರೀತೀನಿ."

"ಇಷ್ಟು ವರ್ಷ ಆದ್ರೂ ಸಿಟ್ಟು ಆರಿಲ್ವಾ?"

"ಆರೋಕೆ ಅದೇನು ಗಂಜಿನಾ?"

ಅವನು ಅಂಗಳಕ್ಕೆ ಉಗಿದು ಹೋದ. ಹೆಂಡತಿ ತಲೆತಗ್ಗಿಸಿ ಬೆತ್ತ ಸೀಳಲು ಕೂತಳು. ಮೂರೇ ತಿಂಗಳಲ್ಲಿ ಅವಳಷ್ಟು ತೆಳ್ಳಗೆ ಸೀಳುವವರು ಕೊಟ್ಟಿಗೆಯಲ್ಲಿ ಇನ್ನೊಬ್ಬರಿರಲಿಲ್ಲ. ಬೆತ್ತದಕ್ಕ ಮಾತ್ರ ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.